ನನ್ನ ಕಪ್ಪು ಕಣಗಳ ಕಥೆ

ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬ ಕೊರಗು ಕವಿಗಳಿಗೆ ಮಾತ್ರ ಎಂದು ಜನ ತಿಳಿದಿದ್ದಾರೆ. ಕವಿಗೆ ಕೊನೆಯ ಪಕ್ಷ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಓದಿ ಹೇಳುವ ಸೌಕರ್ಯವಿದೆ. 'ಬಸವನಹುಳುವಿನ ನರಕೋಶಗಳಲ್ಲಿನ ಕಪ್ಪು ಕಣಗಳು' ಎಂಬ ಲೇಖನವನ್ನು ನಾನು ಯಾರಿಗೆ ಓದಿ ಹೇಳಲಿ?

ಅರವತ್ತರ ದಶಕದ ಆರಂಭದಲ್ಲಿ ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್ ಆಗಿದ್ದೆ. ಮನೆ ಜಯನಗರದಲ್ಲಿ. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಳೆ ನಿಂತ ಮೇಲೆ ಸೈಟಿನ ಹುಲ್ಲಿನಲ್ಲಿ ಬಗ್ಗಿಕೊಂಡು ಬಸವನಹುಳು ಆರಿಸುವುದು ನನ್ನ ಸಂಶೋಧನೆಯ ಮೊದಲ ಹಂತ. "ನಿಮ್ಮ ಯಜಮಾನ್ರು ಏನ್ ಕಳ್ಕೊಂಡಿದಾರೆ?" ಎಂದು ಎದುರುಮನೆಯವರು ಕೇಳಿದಾಗ ನನ್ನ ಹೆಂಡತಿ ಕಮಲ, "ಬುದ್ಧಿ" ಎಂದಳಂತೆ. ಆ ಹುಳುಗಳ ನರಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಯಾರೂ ಕಂಡಿರದ ಕಪ್ಪು ಕಣಗಳು ನನಗೆ ಕಂಡವು. ಬರೆದೆ, ಅಚ್ಚಾಯಿತು. ಲೋಕ ಗಪ್‌ಚಿಪ್.

ಇದರ ನಡುವೆ ಲೆಕ್ಚರರಿಗಿಂತ ಒಂದು ಮೆಟ್ಟಿಲು ಮೇಲಿನ ರೀಡರ್ ಹುದ್ದೆ ಖಾಲಿಯಾಯಿತು. ನಮ್ಮ ವಿಭಾಗದ ಮುಖ್ಯಸ್ಥರು ನನ್ನ ಅರ್ಜಿ ನೋಡಿ, "ಪೇಪರ್ ಬರ್ದಿದೀರಿ, ಸರಿ. ತಮ್ಮ ಪೇಪರ್‌ನಲ್ಲಿ ಅದನ್ನ ಎತ್ತಿ ಹೇಳಿರೋರು ಯಾರು? ಕಮಿಟಿ ಕೇಳೋದೇ ಅದು" ಎಂದರು.

ಅಂದಿನಿಂದ ಪ್ರತಿ ಶನಿವಾರ ಲೈಬ್ರರಿಯಲ್ಲಿ ಕುಳಿತು, ಹಡಗಿನಲ್ಲಿ ತಿಂಗಳುಗಟ್ಟಲೆ ತೇಲಿ ಬಂದ ವಿದೇಶಿ ಪತ್ರಿಕೆಗಳಲ್ಲಿ ಪ್ರತಿ ಲೇಖನದ ಕೊನೆಯಲ್ಲಿರುವ ಆಧಾರ ಲೇಖನಗಳ ಪಟ್ಟಿಯನ್ನಷ್ಟೇ ತಿರುವಿದೆ. "ಏನ್ ಹುಡುಕ್ತಿದೀರಿ ಸಾರ್?" ಎಂದು ಲೈಬ್ರರಿಯನ್ ಕೇಳಿದರು. "ನನ್ನ ಹೆಸರು" ಎಂದೆ. ಆತ ಎದ್ದುಹೋಗಿ ಫ್ಯಾನು ಜೋರು ಮಾಡಿದರು.

ನಾಲ್ಕನೆಯ ತಿಂಗಳು ಸಿಕ್ಕಿತು. ನನ್ನದೇ ಹೆಸರು, ಒಂದಕ್ಷರವೂ ತಪ್ಪಿಲ್ಲದೆ. ಬಸ್ಸಿಗೂ ಕಾಯದೆ ನಡೆದೇ ಮನೆಗೆ ಬಂದೆ. ಕಮಲ ಕೇಸರಿಬಾತ್ ಮಾಡಿದಳು. ಎದುರುಮನೆಗೂ ಒಂದು ಬಟ್ಟಲು ಹೋಯಿತು. "ನಿಮ್ಮ ವಿಷಯ ಏನಂತ ಬರ್ದಿದಾರ್ರೀ?" ಎಂದು ಅವಳು ಕೇಳಿದಾಗಲೇ ನನಗೆ ಹೊಳೆದದ್ದು, ಲೇಖನವನ್ನು ನಾನು ಓದಿಯೇ ಇರಲಿಲ್ಲ ಎಂದು.

ಸೋಮವಾರ ಓದಿದೆ. ನಾನು ಹೇಳಿದ ಕಣಗಳು ಅವರಿಗೆ ಎಷ್ಟು ಹುಡುಕಿದರೂ ಕಾಣಲಿಲ್ಲವಂತೆ. ಬಹುಶಃ ಅವು ಸರಿಯಾಗಿ ತೊಳೆಯದೆ ಉಳಿದ ಬಣ್ಣದ ಚೂರುಗಳಂತೆ. ಹದಿನೈದು ದಿನ ಅನ್ನ ರುಚಿಸಲಿಲ್ಲ. ಮುಖ್ಯಸ್ಥರು ಮಾತ್ರ ನಿರಾಳ: "ಹೆಸರು ಬಂದಿದೆಯಲ್ಲ, ಸಾಕು. ಒಳಗೇನಿದೆ ಅಂತ ಯಾರು ನೋಡ್ತಾರೆ?"

ಕಮಿಟಿಯಲ್ಲಿದ್ದ ಒಬ್ಬ ಮುದುಕರು ನೋಡಿದರು. ಕನ್ನಡಕ ಒರೆಸಿಕೊಳ್ಳುತ್ತ, "ಇವ್ರು ನಿಮ್ಮ ಕೆಲಸದ ಬಗ್ಗೆ ಏನಂತಾರೆ?" ಎಂದು ಕೇಳಿದರು.

ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು. "ತಪ್ಪು ಅಂತಾರೆ ಸಾರ್" ಎಂದೆ.

"ಹೌದೇ?"

"ಗೊತ್ತಿಲ್ಲ. ಮತ್ತೆ ತೊಳ್ದು ನೋಡೋ ಧೈರ್ಯ ಇನ್ನೂ ಬಂದಿಲ್ಲ."

"ನೋಡ್ಕೊಂಡು ಬನ್ನಿ. ಹುದ್ದೆ ಎಲ್ಲೂ ಓಡಿಹೋಗಲ್ಲ."

ಹುದ್ದೆ ಓಡಿಹೋಗದಿದ್ದರೂ ಆ ವರ್ಷ ನನ್ನ ಬಳಿಗಂತೂ ಬರಲಿಲ್ಲ. ಮತ್ತೆ ಹುಲ್ಲಿಗಿಳಿದೆ. ಈ ಸಲ ಬಣ್ಣ ಹಾಕಿದ ನರಕೋಶಗಳಿದ್ದ ಗಾಜಿನ ಪಟ್ಟಿಗಳನ್ನು ದುಪ್ಪಟ್ಟು ಹೊತ್ತು ತೊಳೆದೆ. ಒಂದೊಂದು ತೊಳೆತಕ್ಕೂ ಕಣಗಳು ಕಡಿಮೆಯಾಗುತ್ತ ಬಂದು, ಕೊನೆಗೆ ನರಕೋಶಗಳು ಮಗುವಿನ ಕೆನ್ನೆಯಂತೆ ಶುಭ್ರವಾಗಿ ಕುಳಿತವು. ಮೂರು ವರ್ಷ ನಾನು ಅಧ್ಯಯನ ಮಾಡಿದ್ದು ಕೊಳೆಯನ್ನು. ಅಳುವುದೋ ನಗುವುದೋ ತಿಳಿಯದೆ ಒಂದೂವರೆ ಪುಟದ ಲೇಖನ ಬರೆದೆ: ನಾನು ಹೇಗೆ ಮೋಸಹೋದೆ, ನೀವು ಹೋಗದಿರಲು ಎಷ್ಟು ಹೊತ್ತು ತೊಳೆಯಬೇಕು.

ಅದಕ್ಕೆ ಬಂದವು ನೋಡಿ ಕಾರ್ಡುಗಳು. ಹೆಸರೇ ಕೇಳದ ಊರುಗಳಿಂದ 'ದಯವಿಟ್ಟು ಒಂದು ಪ್ರತಿ ಕಳಿಸಿ' ಎಂಬ ವಿನಂತಿ. ಜಗತ್ತಿನ ಮೂಲೆಮೂಲೆಯಲ್ಲಿ ಎಷ್ಟೊಂದು ಮಂದಿ ಗುಟ್ಟಾಗಿ ಕೊಳೆ ನೋಡುತ್ತ ಕುಳಿತಿದ್ದರೋ. ಮುಂದಿನ ವರ್ಷ ರೀಡರ್ ಆದೆ. ಇಂದಿಗೂ ಯಾರಾದರೂ ನನ್ನ ಹೆಸರು ಎತ್ತಿದರೆ ಅದು ಆ ಒಂದೂವರೆ ಪುಟಕ್ಕೇ. ಸರಿಯಾಗಿ ಬರೆದ ಮಿಕ್ಕ ಲೇಖನಗಳನ್ನು ಗೆದ್ದಲೂ ಮುಟ್ಟಿಲ್ಲ.

"ನಂದೇ ತಪ್ಪು ಅಂತ ಪ್ರಪಂಚಕ್ಕೆಲ್ಲ ಬರ್ದು ಕಳಿಸಿದ್ರಲ್ಲ, ಮನೇಲೂ ಒಂದ್ಸಲ ಹೇಳ್ಬೋದಲ್ವಾ?" ಎಂದು ಕಮಲ ಕೇಳುತ್ತಾಳೆ. ಆ ದಿಕ್ಕಿನಲ್ಲಿ ನನ್ನ ಸಂಶೋಧನೆ ಇನ್ನೂ ಆರಂಭವಾಗಿಲ್ಲ.