ಕೊನೆಯ ಹನ್ನೊಂದು ನಿಮಿಷ

ರಾಣೆಬೆನ್ನೂರಿನ ಮೊಬೈಲ್ ಅಂಗಡಿಯ ಆರಿಫ್ ಸತ್ಯವನ್ನೇ ಹೇಳಿದ್ದ. ವೀರೇಂದ್ರನ ಮುಂದೆ ಎರಡು ಟ್ಯಾಬ್ ಇಟ್ಟು ಒಂದೊಂದರ ಗುಣವನ್ನೂ ಮುಚ್ಚಿಡದೆ ಬಿಡಿಸಿ ತೋರಿಸಿದ್ದ.

"ನೋಡ್ರಿ ಸರ, ಇದರ ಸ್ಕ್ರೀನು ಮಂಕು. ಆದ್ರ ಒಮ್ಮಿ ಚಾರ್ಜ್ ಮಾಡಿದ್ರ ಎರಡು ದಿನ ಚಿಂತಿ ಇಲ್ಲ. ಇದರ ಸ್ಕ್ರೀನು ಐತೆಲ್ಲ, ನೋಡಕೋಂತನ ಇರಬೇಕು ಅನಸ್ತೈತಿ. ಆದ್ರ ಬ್ಯಾಟರಿ ನೀರು ಕುಡದಂಗ ಕುಡೀತೈತಿ. ಯಾವ್ದು ಕೊಡ್ಲಿ?"

ಬುದ್ಧಿ ಇದ್ದವರು ಮೊದಲನೆಯದನ್ನು ಕೊಳ್ಳುತ್ತಾರೆ. ವೀರೇಂದ್ರನಿಗೂ ಬುದ್ಧಿ ಇತ್ತು, ಆದರೆ ಆ ದಿನ ಅದು ಅವನ ಜೊತೆ ಅಂಗಡಿಗೆ ಬಂದಿರಲಿಲ್ಲ. ಎರಡನೆಯದರ ಪರದೆಯ ಮೇಲೆ ಒಂದು ಕೆರೆ ಇತ್ತು, ಕೆರೆಯ ಮೇಲೆ ತೆಳ್ಳನೆ ಮಂಜು ತೇಲುತ್ತಿತ್ತು. ಆ ಮಂಜಿನೊಳಗಿಂದ ದೀಪಿಕಾ ಮೆಲ್ಲಗೆ ನಡೆದು ಬರುತ್ತಿರುವಂತೆ ಅವನಿಗೆ ಕಂಡಿತು. "ಇದನ್ನ ಕೊಡ್ರಿ" ಎಂದ.

ವೀರೇಂದ್ರ ಒಂದು ಬೀಜದ ಕಂಪನಿಯಲ್ಲಿ ಸೂಪರ್‌ವೈಸರ್. ಕುಪ್ಪೇಲೂರಿನ ಹೊಲವೊಂದರಲ್ಲಿ ಬಿಳಿ ಬಲೆ ಹೊದಿಸಿದ ನೆಟ್ ಹೌಸಿನಲ್ಲಿ ಬ್ಯಾಡಗಿ ಮೆಣಸಿನ ಹೊಸ ತಳಿಯ ಬೀಜ ತಯಾರಾಗುತ್ತಿತ್ತು. ಎಂಟು ಹೆಣ್ಣುಮಕ್ಕಳು ಅಲ್ಲಿ ಕ್ರಾಸಿಂಗ್ ಕೆಲಸ ಮಾಡುತ್ತಿದ್ದರು. ಹಿಂದಿನ ಸಂಜೆ ಗಿಡದಲ್ಲೇ ಬಿಚ್ಚಿ ಗಂಡು ಕೇಸರ ತೆಗೆದಿಟ್ಟ ಮೊಗ್ಗಿಗೆ ಮರುದಿನ ಬೆಳಿಗ್ಗೆ ಇನ್ನೊಂದು ಗಿಡದ ಹೂವಿನ ಪುಡಿ ತಾಗಿಸಿ, ಗುರುತಿಗೆ ಒಂದು ಎಳೆ ನೂಲು ಕಟ್ಟಬೇಕು. ಬಿಸಿಲು ನೆತ್ತಿಗೇರಿದರೆ ಹೂವು ಕೆಲಸಕ್ಕೆ ಬಾರದು. ದಿನಕ್ಕೆ ಸಾವಿರಾರು ಹೂವುಗಳ ಲಗ್ನ ಮಾಡಿಸುವ ವೀರೇಂದ್ರನಿಗೆ ಇಪ್ಪತ್ತೊಂಬತ್ತು ದಾಟಿತ್ತು. ಅವನ ಲಗ್ನದ ಸುದ್ದಿ ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ದೀಪಿಕಾ ಮೂರನೆಯ ಸಾಲಿನಲ್ಲಿ ಕೆಲಸ ಮಾಡುತ್ತಿದ್ದಳು. ಬಿಳಿ ನೆಟ್ಟಿನಿಂದ ಸೋಸಿ ಬರುವ ಬೆಳಕಿನಲ್ಲಿ ಅವಳು ಹೂವಿಗೆ ನೂಲು ಕಟ್ಟುವುದನ್ನು ನೋಡುತ್ತ ನಿಂತರೆ ವೀರೇಂದ್ರನಿಗೆ ತಾನು ಮೋಡದೊಳಗೆ ನಿಂತಂತೆ ಆಗುತ್ತಿತ್ತು. ಮಾತನಾಡಬೇಕೆಂದು ಹತ್ತಿರ ಹೋಗುವನು, "ನೂಲು ಬಿಗಿ ಆತು ನೋಡ್ರಿ" ಎಂದು ಹೇಳಿ ತಿರುಗಿ ಬರುವನು. ಹೀಗೆ ಎರಡು ಹಂಗಾಮು ಕಳೆದಿದ್ದವು.

ಈಗ ಕಾಲ ಮಿಂಚುತ್ತಿತ್ತು. ಹಾವೇರಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಒಬ್ಬ ಹುಡುಗನ ಕಡೆಯವರು ದೀಪಿಕಾಳನ್ನು ನೋಡಿ ಒಪ್ಪಿ ಹೋಗಿದ್ದರು. ಅವಳ ತಾಯಿ ಹೊಳಿಯವ್ವ ಇವತ್ತು ಮಧ್ಯಾಹ್ನ ಒಂದರ ಬಸ್ಸಿಗೆ ಹಾವೇರಿಗೆ ಹೋಗಿ ಮಾತು ಕೊಟ್ಟು ಬರುವವಳಿದ್ದಳು. ಹೊಳಿಯವ್ವ ಆ ಗುಂಪಿನ ಹಿರಿಯಳೂ ಹೌದು. ಅವಳು ಒಮ್ಮೆ ಮಾತು ಕೊಟ್ಟರೆ ತಿರುಗಿಸುವ ಗಂಡಸು ಆ ಊರಲ್ಲಿ ಹುಟ್ಟಿರಲಿಲ್ಲ.

ಅಷ್ಟರಲ್ಲಿ ದೈವ ಒಂದು ದಾರಿ ತೋರಿಸಿತು. ಹಿಂದಿನ ದಿನ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಯಿತು. ಎರಡು ವರ್ಷದಿಂದ ನಡೆದ ರಾತ್ರಿ ಎಂಟೂವರೆಯ ಧಾರಾವಾಹಿಯ ಕೊನೆಯ ಕಂತು ಅಂದೇ ಇತ್ತು. ಚಂದನಾ ಎಂಬ ಆ ಹುಡುಗಿ ಡಾಕ್ಟರನನ್ನು ಮದುವೆಯಾಗುವಳೋ, ಹೂವಿನ ಅಂಗಡಿಯ ಬಡ ಹುಡುಗನನ್ನೋ ಎಂಬುದು ತಿಳಿಯದೆ ಊರಿನ ಹೆಣ್ಣುಮಕ್ಕಳಿಗೆ ಅನ್ನ ಇಳಿಯದ ಪರಿಸ್ಥಿತಿ. ಸಂಜೆ ಕೆಲಸ ಬಿಡುವಾಗ ದೀಪಿಕಾಳ ಮುಖ ಬಾಡಿದ್ದು ನೋಡಿ ವೀರೇಂದ್ರ, "ನಾಳೆ ನನ್ನ ಟ್ಯಾಬಿನಾಗ ತೋರಸ್ತೇನ್ರಿ" ಎಂದುಬಿಟ್ಟ. ಅವಳು ನಕ್ಕಳು. ಆ ನಗುವಿನ ಮೇಲೆ ಅವನು ರಾಣೆಬೆನ್ನೂರಿನ ತನಕ ಬಸ್ಸಿನ ಹಂಗಿಲ್ಲದೆ ಹೋಗಬಹುದಿತ್ತು.

ಮನೆಯಲ್ಲಿ ಕಂತನ್ನು ಟ್ಯಾಬಿಗೆ ಇಳಿಸಿಕೊಂಡ, ನೋಡಲಿಲ್ಲ. ಮೊದಲ ಸಲ ಅವಳ ಜೊತೆಗೇ ನೋಡಬೇಕು. ನೂರಕ್ಕೆ ನೂರು ಚಾರ್ಜ್ ಮಾಡಿ ಬೆಳಿಗ್ಗೆ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸ್ವಲ್ಪ ನೋಡೋಣ ಎಂದು ಆ ಕೆರೆಯ ಚಿತ್ರ ತೆರೆದ, ಮಂಜು ಚೆನ್ನಾಗಿ ಕಾಣಲೆಂದು ಬೆಳಕನ್ನು ಪೂರ್ತಿ ಏರಿಸಿದ. ಮಂಜಿನೊಳಗಿಂದ ದೀಪಿಕಾ ಬಂದಳು, ಪಕ್ಕದಲ್ಲಿ ಕುಳಿತಳು, ಮದುವೆಯಾಯಿತು, ಎರಡು ಮಕ್ಕಳಾದವು. ದೊಡ್ಡ ಮಗಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಕಂಡಕ್ಟರ್ "ಕುಪ್ಪೇಲೂರ ಇಳೀರಿ" ಎಂದ. ಬ್ಯಾಟರಿ ಐವತ್ತೆರಡಕ್ಕೆ ಬಂದಿತ್ತು.

ಎಂಟು ಗಂಟೆಗೆ ಟ್ಯಾಬನ್ನು ನೆಟ್ ಹೌಸಿನ ನಡುಗಂಬಕ್ಕೆ ಕಟ್ಟಿದ. ಹಗಲಿನ ಬೆಳಕಿನಲ್ಲಿ ದೂರದ ಸಾಲಿಗೂ ಕಾಣಬೇಕೆಂದರೆ ಪರದೆಯ ಬೆಳಕು ಪೂರ್ತಿ ಬೇಕಾಯಿತು. ಚಿತ್ರ ಮೂಡಿದ ಕೂಡಲೇ ಎಂಟೂ ಜನ "ಅಬ್ಬಾ!" ಎಂದರು. ಕೈ ಹೂವಿನ ಮೇಲೆ, ಕಣ್ಣು ಕಂಬದ ಮೇಲೆ. ಕೆಲಸ ನದಿ ಹರಿದಂತೆ ಹರಿಯಿತು.

"ಅಯ್ಯ ಅಲ್ಲಾ, ಕಣ್ಣಾಗಿನ ಕಾಡಿಗಿ ಸೈತ ಕಾಣಾಕತ್ತೈತಿ!" ಎಂದಳು ಶರೀಫಾಬಿ. ಗುಂಪಿನಲ್ಲಿ ಯಾರ ಮಾತಿಗೂ ಬಾಯಿ ಹಾಕುವ ಹಕ್ಕು ಅವಳೊಬ್ಬಳದು. "ಸರ, ಆ ಸೀರಿ ಅಂಚು ಇನ್ನೊಮ್ಮಿ ತೋರಸ್ರಿ."

ವೀರೇಂದ್ರ ಹಿಂದೆ ಸರಿಸಿ ತೋರಿಸಿದ.

"ಆ ಅತ್ತಿ ಮೂಗಿನಾಗಿಂದು ನತ್ತಾ, ಮೂಗಬಟ್ಟಾ? ನಿಂದರಸ್ರಿ, ನಿಂದರಸ್ರಿ."

ನಿಲ್ಲಿಸಿದ. ಮೂಗುಬಟ್ಟು ಎಂದು ಬಹುಮತದಿಂದ ತೀರ್ಮಾನವಾಯಿತು. ಇಷ್ಟು ಸ್ಪಷ್ಟವಾದ ಪರದೆಯಲ್ಲಿ ಚಂದನಾಳ ಅತ್ತೆಯ ಬಳೆ, ಮಂಟಪದ ಬಾಳೆಗೊನೆ, ಅಡುಗೆಯವನ ತಲೆಯ ಬಿಳಿ ಕೂದಲು ಎಲ್ಲವನ್ನೂ ಎರಡೆರಡು ಸಲ ನೋಡಬೇಕಾಯಿತು. ಒಂದು ತಾಸಿನ ಕಂತು. ಒಂದೂವರೆ ತಾಸಾದರೂ ಅರ್ಧಕ್ಕೆ ಬಂದಿರಲಿಲ್ಲ. ಬ್ಯಾಟರಿ ಹದಿನಾಲ್ಕು.

ವೀರೇಂದ್ರ ಕಂಬದ ಬಳಿಗೆ ಓಡಿದ. ಬೆಳಕನ್ನು ಅರ್ಧಕ್ಕೆ ಇಳಿಸಿದ.

"ಕಾಣವಲ್ತ್ರೀ!" ಎಂದು ಹಿಂದಿನ ಸಾಲಿನವರು ಕೂಗಿದರು. ಕೂಗಿ ಸುಮ್ಮನಾಗಲಿಲ್ಲ, ಎದ್ದು ಕಂಬದ ಹತ್ತಿರ ಬಂದರು. ಅವರು ಬಂದರೆಂದು ಉಳಿದವರೂ ಬಂದರು. ಕೆಲಸ ನಿಂತಿತು. ಗಾಬರಿಯಾಗಿ ಬೆಳಕು ಏರಿಸಿದ. ಎಲ್ಲರೂ ಸಾಲಿಗೆ ಹೋದರು, ಬ್ಯಾಟರಿ ಇಳಿಯಿತು. ಮತ್ತೆ ಇಳಿಸಿದ, ಬ್ಯಾಟರಿ ನಿಂತಿತು, ಹೆಣ್ಣುಮಕ್ಕಳು ಬಂದರು.

"ಸರ, ಬೆಳಕರ ಮಾಡ್ರಿ, ಇಲ್ಲಾ ಬಂದ್ ಮಾಡ್ರಿ" ಎಂದಳು ಹೊಳಿಯವ್ವ. "ಹೂವು ಬಾಡಾಕತ್ತಾವು. ನಾನು ಒಂದರ ಬಸ್ಸಿಗೆ ಹಾವೇರಿಗೆ ಹೋಗಬೇಕು."

"ಟ್ರ್ಯಾಕ್ಟರ್ ಬ್ಯಾಟರಿಗೆ ವಾಯರ್ ಹಚ್ಚಿದ್ರ ಹೆಂಗ?" ಎಂದಳು ಶರೀಫಾಬಿ.

ವೀರೇಂದ್ರ ಟ್ಯಾಬನ್ನು ಎದೆಗೆ ಅಪ್ಪಿಕೊಂಡ.

"ಹಂಗಾರ ಕಂಬಳಿ ಹೊಚ್ಚರಿ" ಎಂದಳು ಅವಳೇ. " ಕತ್ತಲಾಗ ಸಣ್ಣ ಬೆಳಕೂ ಸಾಕು. ಏ ಮೈಲೇಶಾ, ಸುಮ್ಮನ ಕುಂತೀದೆಲ್ಲ, ಬಾರೋ ಇಲ್ಲೆ. ನಿನ್ನ ಕಂಬಳಿ ತಂದು ಹಿಡಿ."

ಮೈಲೇಶ ಆ ಹೊಲದ ಮೋಟರು, ಪೈಪು ನೋಡಿಕೊಳ್ಳುವವನು. ಕರೆಂಟಿಲ್ಲದ್ದರಿಂದ ಬಾಗಿಲ ಬಳಿ ಕಂಬಳಿ ಹಾಸಿ ಕುಳಿತಿದ್ದ. ಎತ್ತರದ ಆಳು, ಮಾತು ಕಡಿಮೆ. ಎದ್ದು ಬಂದು ಕಂಬಳಿಯನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿದು ನಿಂತ. ಅದರೊಳಗೆ ತಲೆ ತೂರಿಸಿ ನೋಡಿದರೆ ಅತಿ ಕಡಿಮೆ ಬೆಳಕಿನಲ್ಲೂ ಚಿತ್ರ ಚೆಂದ ಕಾಣುತ್ತಿತ್ತು. ಆದರೆ ಒಂದು ತಲೆಗೆ ಮಾತ್ರ ಜಾಗ.

"ನೀವ ನೋಡಿ ಹೇಳ್ರಿ ಸರ" ಎಂದಳು ದೀಪಿಕಾ. "ನಾವು ಕೆಲಸ ಮಾಡಕೋಂತ ಕೇಳ್ತೇವಿ."

ಅವಳು ಬೇಡಿದ ಮೇಲೆ ಇನ್ನೇನು! ವೀರೇಂದ್ರ ಶಬ್ದವನ್ನೂ ತನ್ನ ಕಿವಿಗಷ್ಟೇ ಕೇಳುವಂತೆ ಇಳಿಸಿ, ಕಂಬಳಿಯೊಳಗೆ ಹೊಕ್ಕು ಹೇಳತೊಡಗಿದ. ಡಾಕ್ಟರ್ ಕುದುರೆ ಮೇಲೆ ಬಂದ. ಬ್ಯಾಂಡು ಮೊಳಗಿತು. ಚಂದನಾ ಹಾರ ಹಿಡಿದು ನಿಂತಳು. ಹೊರಗೆ ಕೈಗಳು ಚುರುಕಾಗಿ ಓಡುತ್ತಿದ್ದವು. ಅವಳು ಹಾರ ಎತ್ತಿದಳು, ಎದುರಿಗೆ ನೋಡಿದಳು. ಪರದೆ ಕಪ್ಪಾಯಿತು. ಇನ್ನೂ ಹನ್ನೊಂದು ನಿಮಿಷ ಬಾಕಿ ಇತ್ತು.

"ಮುಂದೇನಾತ್ರಿ ಸರ?" ದೀಪಿಕಾಳ ಧ್ವನಿ.

ಕಂಬಳಿಯ ಕತ್ತಲಲ್ಲಿ ವೀರೇಂದ್ರನಿಗೆ ಬೆಳಕು ಹೊಳೆಯಿತು. ಮುಂದೇನೆಂದು ಹೇಳುವ ಅಧಿಕಾರ ಈಗ ಅವನ ಕೈಯಲ್ಲಿತ್ತು. ಚಂದನಾ ಡಾಕ್ಟರನನ್ನು ಬಿಟ್ಟರೆ, ಹೊಳಿಯವ್ವನ ಮನಸ್ಸು ಕರಗಿದರೆ, ಔಷಧಿ ಅಂಗಡಿ ತಪ್ಪಿದಂತೆಯೇ. ಧಾರಾವಾಹಿಯಲ್ಲಿ ಒಬ್ಬ ತೋಟದ ಮ್ಯಾನೇಜರ್ ಇದ್ದ. ಕನ್ನಡಕದವನು, ಪ್ರತಿ ಕಂತಿನಲ್ಲೂ ಬಾಗಿಲಲ್ಲಿ ನಿಂತು ಚಂದನಾಳನ್ನು ನೋಡಿ ನಿಟ್ಟುಸಿರುಬಿಟ್ಟು ಹೋಗುವವನು. ಅವನಿಗೇ ಮದುವೆ ಮಾಡಿಸಿದರೆ? ಛೇ, ಸೂಪರ್‌ವೈಸರ್ ತನ್ನಂಥ ಮ್ಯಾನೇಜರನಿಗೇ ಹೆಣ್ಣು ಕೊಡಿಸಿದನೆಂದು ಎಲ್ಲರೂ ನಕ್ಕಾರು. ನಾಚಿಕೆಯಾಯಿತು. ಹೂವಿನ ಹುಡುಗನೇ ಇರಲಿ. ಹೂವಿನ ಕೆಲಸದವನೆಂದರೆ ತಾನೇ ಎಂದು ಅವಳಿಗೆ ತಿಳಿಯದೇ ಇದ್ದೀತೆ?

"ಚಂದನಾ ಹಾರ ಕೆಳಗ ಇಟ್ಟಳ್ರಿ" ಎಂದ. ಮುಂದಿನ ಮಾತಿಗೆ ತಡಕಾಡಿ ಕಂಬಳಿಯ ಅಂಚಿನಿಂದ ಹೊರಗೆ ಇಣುಕಿದ. ಕಣ್ಣಿಗೆ ಬಿದ್ದದ್ದನ್ನೇ ಹಿಡಿದುಕೊಂಡ. "ಹೊರಗ ಆ ಹೂವಿನ ಹುಡುಗ ನಿಂತಾನ. ಬಾಯಿ ಬಿಟ್ಟು ಒಂದು ಮಾತಾಡವಲ್ಲ. ಮಂಟಪದ ಚಪ್ಪರ ವಾಲೇತಿ, ಆಕಿ ತಲಿಮ್ಯಾಲೆ ಬೀಳಬಾರದಂತ ಎರಡೂ ಕೈ ಎತ್ತಿ ಹಿಡಕೊಂಡಾನ. ತೋಳು ನಡಗಾಕತ್ತಾವು. ಬೆವರು ಮೂಗಿನ ತುದಿಗೆ ಬಂದೈತಿ. ವರಸಾಕ ಕೈಯಿಲ್ಲ. ಆದ್ರೂ ಬಿಟ್ಟಿಲ್ಲ."

"ಅಯ್ಯ ಪಾಪ" ಎಂದಳು ಶರೀಫಾಬಿ.

"ಆಕಿ ಅವ್ವ ನೋಡಿದ್ಲ್ರಿ. ನೋಡಿ ಅಂದ್ಲು: ಅಂಗಡಿ ಇದ್ದಾವ, ನೌಕರಿ ಇದ್ದಾವ ಹಾದಿಗೊಬ್ಬ ಸಿಗತಾನ. ನನ್ನ ಮಗಳಿಗೆ ನೆರಳು ಹಿಡಿಯಾವ ಎಲ್ಲಿ ಸಿಗತಾನ? ಇವಗ ಕೊಡ್ತೀನಿ."

ತಾನು ಇಷ್ಟು ಚೆಂದ ಮಾತಾಡಬಲ್ಲೆನೆಂದು ಅವನಿಗೇ ಗೊತ್ತಿರಲಿಲ್ಲ. ಕೊನೆಯ ಹೂವಿಗೂ ನೂಲು ಬಿದ್ದಿತ್ತು. ವೀರೇಂದ್ರ ಮೆಲ್ಲಗೆ ಕಂಬಳಿಯಿಂದ ತಲೆ ಹೊರಗೆ ತೆಗೆದ.

ಎಂಟೂ ಜನ ಅವನ ಕಡೆಗೇ ನೋಡುತ್ತಿದ್ದರು. ಆದರೆ ನೋಟ ಅವನ ತಲೆಯಿಂದ ಒಂದು ಗೇಣು ಮೇಲಿತ್ತು. ಅಲ್ಲಿ ಮೈಲೇಶ ಎರಡೂ ಕೈ ಎತ್ತಿ, ನಡುಗುವ ತೋಳಲ್ಲಿ ಕಂಬಳಿ ಹಿಡಿದು, ಮೂಗಿನ ತುದಿಯ ಬೆವರು ಒರೆಸಲಾಗದೆ ನಿಂತಿದ್ದ. ದೀಪಿಕಾಳ ಕಣ್ಣು ತುಂಬಿತ್ತು.

ಹೊಳಿಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೈಲೇಶನನ್ನು ಒಮ್ಮೆ ನೋಡಿದಳು, ಮಗಳನ್ನು ಒಮ್ಮೆ ನೋಡಿದಳು, ಎಷ್ಟೋ ದಿನದಿಂದ ಕಣ್ಣೆದುರಿಗಿದ್ದದ್ದು ಈಗ ಕಂಡವಳಂತೆ ನಿಟ್ಟುಸಿರುಬಿಟ್ಟಳು.

"ಕಂಬಳಿ ಇಳಸಪಾ ಮೈಲೇಶಾ, ಕೈ ಸೋತಿರಬೇಕು. ಸಂಜಿಕೆ ನಿಮ್ಮವ್ವನ್ನ ನಮ್ಮ ಮನಿಗೆ ಕಳಸು. ಹಾವೇರಿ ಬಸ್ಸು ಇವತ್ತು ನಾನಿಲ್ಲದ ಹೋಗಲಿ."

"ಮೂರು ವರ್ಷದಿಂದ ಇವರಿಬ್ಬರ ಸಂಗತಿ ಊರಿಗೆಲ್ಲಾ ಗೊತ್ತಿತ್ತು" ಎಂದು ಶರೀಫಾಬಿ ವೀರೇಂದ್ರನ ಕಿವಿಯಲ್ಲಿ ಹೇಳಿದಳು. "ಹೊಳಿಯವ್ವಗ ಹೇಳಾಕ ಯಾರಿಗೂ ಎದಿ ಇರಲಿಲ್ಲ. ಭಾರಿ ಅದೀರಿ ನೀವು!"

ದೀಪಿಕಾ ಮೆಲ್ಲಗೆ ನಡೆದು ಬಂದಳು. ಕನಸಿನಲ್ಲಿ ಮಂಜಿನೊಳಗಿಂದ ಬರುತ್ತಿದ್ದ ಹಾಗೆಯೇ ಬಂದಳು. ಎರಡು ಹಂಗಾಮಿನಿಂದ ಅವನನ್ನು "ಸರ" ಎನ್ನುತ್ತಿದ್ದವಳು ಕೈಮುಗಿದು, "ನಿಮ್ಮ ಉಪಕಾರ ಮರಿಯಂಗಿಲ್ಲ, ಅಣ್ಣಾ" ಎಂದಳು.

ಅದೇ ಗಳಿಗೆಗೆ ಕರೆಂಟು ಬಂತು. ಮೋಟರಿನ ಶೆಡ್ಡಿನಿಂದ ಗುಂಯ್ ಎಂಬ ಸದ್ದು ಕೇಳಿಸಿತು. ಎಲ್ಲರೂ ಚಹಾಕ್ಕೆ ಹೋದರು. ವೀರೇಂದ್ರ ಒಬ್ಬನೇ ಶೆಡ್ಡಿಗೆ ಹೋಗಿ ಟ್ಯಾಬನ್ನು ಚಾರ್ಜಿಗೆ ಹಾಕಿ, ಉಳಿದ ಹನ್ನೊಂದು ನಿಮಿಷ ನೋಡಿದ. ಬೆಳಕನ್ನು ಪೂರ್ತಿ ಏರಿಸಿಯೇ ನೋಡಿದ, ಇನ್ನು ಉಳಿಸಿ ಏನು ಮಾಡುವುದಿತ್ತು?

ಚಂದನಾ ಹಾರ ಹಿಡಿದುಕೊಂಡೇ ಮಂಟಪ ಇಳಿದಳು. ಡಾಕ್ಟರನನ್ನು ದಾಟಿದಳು. ಹೂವಿನ ಹುಡುಗನನ್ನೂ ದಾಟಿದಳು. ಬಾಗಿಲಲ್ಲಿ ನಿಂತು ನಿಟ್ಟುಸಿರುಬಿಡುತ್ತಿದ್ದ ಮ್ಯಾನೇಜರನ ಕೊರಳಿಗೆ ಹಾರ ಹಾಕಿದಳು. ಆ ಪರದೆಯಲ್ಲಿ ಅವನ ಅಂಗಿಯ ಕಿಸೆಯ ಮೇಲಿನ ಶಾಯಿಯ ಕಲೆ, ಕನ್ನಡಕದ ಹಿಂದಿನ ಕಣ್ಣೀರು ಎಲ್ಲವೂ ಎಷ್ಟು ಸ್ಪಷ್ಟವಾಗಿ ಕಾಣಿಸಿತೆಂದರೆ ವೀರೇಂದ್ರ ತನ್ನ ಕಿಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡ. ಇದೇ ಹನ್ನೊಂದು ನಿಮಿಷವನ್ನು ಆ ಎಂಟು ಜನ ಆಗಲೇ ನೋಡಿಬಿಟ್ಟಿದ್ದರೆ!

ಚಹಾದ ಕಪ್ಪು ಹಿಡಿದು ಬಂದ ಶರೀಫಾಬಿ ಯಾವಾಗ ಹಿಂದೆ ನಿಂತಳೋ ಅವನಿಗೆ ತಿಳಿಯಲಿಲ್ಲ. ಪೂರ್ತಿ ನೋಡಿದಳು. ಮೂಗು ಮುರಿದಳು.

"ಥೂ, ಮ್ಯಾನೇಜರಗ ಕೊಟ್ರಾ? ಇದನ್ನ್ಯಾರು ನಂಬತಾರ್ರಿ ಸರ? ನೀವು ಹೇಳಿದ್ದ ಖರೇ ಅನಸ್ತಿತ್ತು."