ಎರಡನೇದು ಬಂತು

ಎಲ್ಲ ರಗಳೆಗೂ ಕಾರಣ ಒಂದೇ ಒಂದು ಮಾತು: ‘ಎರಡನೇದು’. ಅದನ್ನು ಬಿಡಿಸಿ ಹೇಳಿದ್ದರೆ ಬಣ್ಣದಂಗಡಿಯ ನಿಧಾನಪ್ಪನ ದಿನ ನೆಟ್ಟಗೆ ಕಳೆಯುತ್ತಿತ್ತು.

ನಿಧಾನಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಅಂಗಡಿಯವರು ಕಟ್ಟಿದ್ದು. ಗಿರಾಕಿ ಕೇಳಿದ ಬಣ್ಣವನ್ನು ಅವನ ಹಾಗೆ ಕಲಸುವವರಿರಲಿಲ್ಲ, ನಿಜ. ಆದರೆ ಕಲಸಿ ಮುಗಿಸುವಷ್ಟರಲ್ಲಿ ಗಿರಾಕಿಗೆ ಗೋಡೆಯ ಮೇಲಿನ ಆಸೆಯೇ ಹೋಗಿರುತ್ತಿತ್ತು. ಅಂಗಡಿಯಲ್ಲಿ ಮಾಲೀಕಮ್ಮ, ಮನೆಯಲ್ಲಿ ಹೆಂಡತಿ, ಇಬ್ಬರ ಬಾಯಲ್ಲೂ ‘ಬೇಗ, ಬೇಗ’.

ಆ ಬಡಪಾಯಿಯನ್ನು ಯಾರೂ ಅವಸರಪಡಿಸದ ಜಾಗ ಒಂದೇ ಇತ್ತು: ‘ಕೋಟೆ ಕಾಳಗ’ ಎಂಬ ಕಂಪ್ಯೂಟರ್ ಆಟ. ಅಲ್ಲಿ ಒಂದು ಸರದಿ ವೈರಿಯದು, ಒಂದು ನಮ್ಮದು. ನಾವು ಸೈನಿಕನನ್ನು ನಡೆಸುವ ತನಕ ವೈರಿಯ ದಂಡು ಎತ್ತಿದ ಕತ್ತಿ ಇಳಿಸದೆ ಕಾಯುತ್ತದೆ. ಮುದಿ ಮಂತ್ರಿ ಬಗ್ಗಿ, “ತಮ್ಮ ಸರದಿ ಪ್ರಭು, ಅವಸರವಿಲ್ಲ” ಎನ್ನುತ್ತಾನೆ. ಅದನ್ನು ಕೇಳಿದಾಗಲೆಲ್ಲ ನಿಧಾನಪ್ಪನ ಕಣ್ಣು ತುಂಬಿ ಬರುತ್ತಿತ್ತು. ಆ ಆಟದ ಎರಡನೇ ಭಾಗಕ್ಕೆ ವರ್ಷಗಟ್ಟಲೆ ಕಾದಿದ್ದ. ಅದು ಇವತ್ತು ಕೊರಿಯರ್‌ನಲ್ಲಿ ಬರುವುದಿತ್ತು.

ಹೆಂಡತಿ ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ ಮಾಲೀಕಮ್ಮನಿಗೆ ಫೋನ್ ಮಾಡಿದ. ಹೊಟ್ಟೆನೋವು ಎನ್ನಬೇಕೆಂದಿದ್ದ. ಆದರೆ ಅವನಿಗೆ ಸುಳ್ಳು ಕೂಡ ಬಾಯಿಗೆ ಬರುವುದು ತಡವೇ.

“ರಜೆ ಯಾಕ್ರೀ? ಬೇಗ ಹೇಳಿ, ಗಿರಾಕಿ ನಿಂತಿದ್ದಾರೆ.”

“ಅದು... ಎರಡನೇದು ಬರ್ತಾ ಇದೆ ಮೇಡಂ. ಇವತ್ತೇ.”

“ಅಯ್ಯೋ ನಿಮ್ಮ! ಇಷ್ಟು ದಿನ ಬಾಯೇ ಬಿಡಲಿಲ್ವಲ್ರೀ! ಈ ವಾರ ಪೂರ್ತಿ ಅಂಗಡಿ ಕಡೆ ತಲೆ ಹಾಕಬೇಡಿ!”

ಮಾಲೀಕಮ್ಮನಿಗೂ ಈ ಆಟದ ಹುಚ್ಚಿದೆಯೆಂದು ಮೊದಲೇ ಗೊತ್ತಾಗಲಿಲ್ಲವಲ್ಲ ಎಂದು ನಿಧಾನಪ್ಪ ಪೇಚಾಡಿಕೊಂಡ.

ಪೆಟ್ಟಿಗೆ ಬಂತು. ಅದರ ಮೇಲೆ ‘ಇನ್ನು ಸರದಿಯ ಕಾಟವಿಲ್ಲ!’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಖುಷಿಯಲ್ಲಿ ಅದನ್ನು ಓದುವವರು ಯಾರು? ಆಟ ಶುರುಮಾಡಿ, ಯಾವ ಸೈನಿಕನನ್ನು ಮುಂದಿಡಲಿ ಎಂದು ಗಲ್ಲಕ್ಕೆ ಕೈಕೊಟ್ಟು ಕೂತ. ಅಷ್ಟರಲ್ಲಿ ವೈರಿಗಳು ಬಂದರು, ಬಾಗಿಲು ಮುರಿದರು, ಕೋಟೆ ಬಿತ್ತು. ಮತ್ತೆ ಶುರುಮಾಡಿದ, ಮತ್ತೆ ಬಿತ್ತು. ಆ ಮುದಿ ಮಂತ್ರಿಯೋ, “ಬೇಗ ಪ್ರಭು, ಬೇಗ!” ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಇವನೂ ಆ ‘ಬೇಗ, ಬೇಗ’ ಎನ್ನುವವರ ಜೊತೆ ಸೇರಿಬಿಟ್ಟನಲ್ಲ ಎಂದು ನಿಧಾನಪ್ಪನಿಗೆ ಅಳುವೇ ಬಂತು.

ಆಗ ಅಂಗಡಿಯ ಕ್ಯಾಷಿಯರ್ ಅಕ್ಕನ ಫೋನು. “ಬಂತಾ?”

“ಬಂತು ಅಕ್ಕ. ಬರದೇ ಇದ್ದಿದ್ರೇ ಚೆನ್ನಾಗಿತ್ತು.”

“ಬಿಡ್ತು ಅನ್ನಿ! ಯಾಕೆ, ಏನಾಯ್ತು?”

“ಮೊದಲನೇದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ! ನೋಡೋಕೆ ಲಕ್ಷಣವಾಗಿದೆ ಅಷ್ಟೇ. ಒಂದೇ ಸಮ ಕಿರುಚಾಟ, ಒಂದು ಗಳಿಗೆ ನೆಮ್ಮದಿ ಇಲ್ಲ.”

“ಶುರುವಿನಲ್ಲಿ ಹಾಗೇ ಕಣ್ರೀ. ಅಭ್ಯಾಸ ಆಗುತ್ತೆ.”

“ಅಭ್ಯಾಸನೂ ಬೇಡ, ಏನೂ ಬೇಡ. ಪ್ಯಾಕ್ ಮಾಡಿ ವಾಪಸ್ ಕಳಿಸಿಬಿಡ್ತೀನಿ. ತಗೊಳ್ಳಲಿಲ್ಲ ಅಂದ್ರೆ ಯಾರಿಗಾದ್ರೂ ಕೊಟ್ಟುಬಿಡ್ತೀನಿ.”

ಅತ್ತ ಕಡೆ ಫೋನು ದಪ್ಪೆಂದು ಬಿದ್ದ ಸದ್ದಾಯಿತು.

ಸ್ವಲ್ಪ ಹೊತ್ತಿಗೆ ಮನೆ ಮುಂದೆ ಅಂಗಡಿಯ ಟೆಂಪೋ ನಿಂತಿತು. ಮಾಲೀಕಮ್ಮ ಮುಂದೆ, ಹಿಂದೆ ತೊಟ್ಟಿಲು ಹೊತ್ತ ಕ್ಯಾಷಿಯರ್ ಅಕ್ಕ ಮತ್ತು ಡ್ರೈವರ್ ಸೀದಾ ಒಳಗೆ ಬಂದರು.

“ಎಲ್ರೀ ಕೂಸು?” ಮಾಲೀಕಮ್ಮ ಗುಡುಗಿದಳು. “ಹೆತ್ತ ಕೂಸನ್ನ ವಾಪಸ್ ಕಳಿಸೋ ಅಪ್ಪನ್ನ ನೋಡೋಕೆ ಅಂಗಡಿ ಬಾಗಿಲು ಹಾಕಿ ಬಂದಿದ್ದೀನಿ!”

“ಕೂಸಾ?”

“ಎರಡನೇದು!”

ನಿಧಾನಪ್ಪನ ತಲೆಗೆ ವಿಷಯ ಇಳಿಯಲು ಎಂದಿನಂತೆ ಹೊತ್ತು ಹಿಡಿಯಿತು. ಇಳಿದ ಮೇಲೆ ಮೆಲ್ಲಗೆ ಕಂಪ್ಯೂಟರ್ ಕಡೆ ಬೆರಳು ತೋರಿಸಿದ. ಪರದೆಯ ಮೇಲೆ ಮತ್ತೊಂದು ಕೋಟೆ ಉರಿಯುತ್ತಿತ್ತು.

ಡ್ರೈವರ್ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ. ಮಾಲೀಕಮ್ಮ ಮಾತ್ರ ನಗಲಿಲ್ಲ. “ಆಟಕ್ಕೆ ರಜೆನಾ? ನೀವು ಕಲಸಿಟ್ಟಿದ್ದ ಹಳದೀನ ಗಿರಾಕಿಗೂ ಕೊಡದೆ ಈ ತೊಟ್ಟಿಲಿಗೆ ಬಳಿದ್ವಲ್ರೀ! ಕೇಳಿಸ್ಕೊಳ್ಳಿ. ಎರಡನೇ ಮಗುವಿಗೆ ಅಂತ ನಾನು ಕೊಡೋ ರಜೆ ಒಂದೇ ಸಲ. ಇವತ್ತಿಗೆ ಅದು ಮುಗೀತು. ನಾಳೆ ನಿಜವಾಗ್ಲೂ ಎರಡನೇದು ಬಂದ್ರೂ ಕೇಳಬಾರದು.”

ಇಷ್ಟಕ್ಕೇ ಬಿಟ್ಟರಲ್ಲ ಎಂದು ನಿಧಾನಪ್ಪನಿಗೆ ಹೋದ ಜೀವ ಬಂದಂತಾಯಿತು. ಜೀವನದಲ್ಲಿ ಮೊದಲ ಸಲ ಥಟ್ಟನೆ ಉತ್ತರ ಕೊಟ್ಟ: “ಆಣೆಗೂ ಕೇಳಲ್ಲ ಮೇಡಂ! ನಮಗೆ ಒಂದೇ ಸಾಕು.”

ಆಗಲೇ ಬಾಗಿಲಲ್ಲಿ ಹೆಂಡತಿ ಕಾಣಿಸಿಕೊಂಡಳು. ಅರ್ಧ ದಿನಕ್ಕೇ ಬಂದುಬಿಟ್ಟಿದ್ದಳು. ತೊಟ್ಟಿಲು ನೋಡಿ ಅವಳ ಕಣ್ಣು ಅರಳಿತು.

“ರೀ! ನಿಮಗೆ ಯಾರು ಹೇಳಿದ್ರು? ನನಗೇ ಈಗಷ್ಟೇ ಡಾಕ್ಟ್ರು ಹೇಳಿದ್ದು!”

ಡ್ರೈವರನ ನಗು ಅರ್ಧಕ್ಕೆ ನಿಂತಿತು. ನಿಧಾನಪ್ಪ ಸಂತೋಷ ತಡೆಯಲಾರದೆ ತೊಟ್ಟಿಲನ್ನೇ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ಬಣ್ಣ ಇನ್ನೂ ಹಸಿಯಾಗಿತ್ತು.

“ಮೇಡಂ,” ಎಂದ, ಎರಡೂ ಹಳದಿ ಅಂಗೈ ಜೋಡಿಸಿ, “ಆ ರಜೆ...”

“ಬೇಗ ಪ್ರಭು, ಬೇಗ!” ಎಂದು ಕಂಪ್ಯೂಟರ್‌ನೊಳಗಿನಿಂದ ಮಂತ್ರಿ ಅರಚಿದ.

ಮಾಲೀಕಮ್ಮ ಅವನ ಹೆಂಡತಿಯನ್ನು ತಬ್ಬಿಕೊಂಡು, ಅವಳ ಭುಜದ ಮೇಲಿಂದ ಇವನನ್ನು ನೋಡಿದಳು. ಈಗ ಮಾತ್ರ ಅವಳಿಗೆ ಮನಸಾರೆ ನಗು ಬಂತು.

“ನಿಮ್ಮ ಸರದಿ ಮುಗೀತಲ್ರೀ.”