ಬದರಿಗೆ ಹೋದ ದುಪ್ಪಟಿ ಕೋಟು

‘ನೀವೂ ಮನೆಯಲ್ಲೇ ಸುಲಭವಾಗಿ ಮಾಡಬಹುದು’ ಎಂದು ಯಾರಾದರೂ ಅಚ್ಚು ಹಾಕಿದರೆ ಸಾಕು, ನಾನು ನಂಬಿಬಿಡುತ್ತೇನೆ. ಅದೇ ಮಾತನ್ನು ಎದುರಿಗೆ ನಿಂತು ಹೇಳಿದವರಿಗೆ ನೂರು ಪ್ರಶ್ನೆ ಹಾಕುವವಳು, ಅಚ್ಚಿನ ಅಕ್ಷರ ಕಂಡರೆ ಮೆತ್ತಗಾಗುತ್ತೇನೆ. ಹೀಗೆ ನಂಬಿ ಒಮ್ಮೆ ಕುಕ್ಕರಿನಲ್ಲಿ ಕೇಕು ಮಾಡಿದ್ದೆ. ಅದನ್ನು ಪಾತ್ರೆಯಿಂದ ಬಿಡಿಸಲು ನನ್ನ ಗಂಡ ಉಳಿ ಸುತ್ತಿಗೆ ಹುಡುಕಿದರು. ಆದರೂ ನನಗೆ ಬುದ್ಧಿ ಬರಲಿಲ್ಲ ಎಂಬುದಕ್ಕೆ ಈ ಕೋಟಿನ ಪ್ರಸಂಗವೇ ಸಾಕ್ಷಿ.

ನಾನು ಹಿಂದೂಪುರದ ಒಂದು ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು. ತವರು ಕಲ್ಯಾಣದುರ್ಗ. ಅಲ್ಲಿ ಡ್ರಿಲ್ ಮೇಷ್ಟರಾಗಿದ್ದು ನಿವೃತ್ತರಾದ ಅಪ್ಪ, ಆ ವರ್ಷ ಬೇಸಿಗೆಯಲ್ಲಿ ಗೆಳೆಯರ ಜೊತೆ ಬದರಿಗೆ ಹೊರಟಿದ್ದರು. ಅಪ್ಪ ಜನ್ಮದಲ್ಲಿ ಕೋಟು ತೊಟ್ಟದ್ದು ಒಂದೇ ಸಲ. ಅದೂ ಮದುವೆಯ ಫೋಟೋಕ್ಕೆಂದು ಸ್ಟುಡಿಯೋದವರು ಕೊಟ್ಟದ್ದು. ಆ ಸಂಗತಿ ನೆನಪಾಗಿ, ಈ ಸಲ ಅಪ್ಪನಿಗೆ ಸ್ವಂತದ್ದೊಂದು ಕೋಟು ಆಗಲೇಬೇಕು ಎಂದುಕೊಂಡೆ. ಅದೇ ಹೊತ್ತಿಗೆ ನಮ್ಮ ಇಂಗ್ಲಿಷ್ ಟೀಚರಮ್ಮ, ಅವರ ಅಣ್ಣ ಪರದೇಶದಿಂದ ತಂದ ಹೊಲಿಗೆಯ ಪತ್ರಿಕೆಯೊಂದನ್ನು ಸ್ಟಾಫ್ ರೂಮಿಗೆ ತಂದರು. ಅದರಲ್ಲಿ ಗಂಡಸರ ಕೋಟು ಇತ್ತು. ಸುಲಭ ಎಂದೂ ಬರೆದಿತ್ತು. ಅಲ್ಲಿಯವರೆಗೆ ನಾನು ಹೊಲಿದದ್ದೆಂದರೆ ದಿಂಬಿನ ಚೀಲ, ಲಂಗ, ಇಷ್ಟೇ. ಆದರೂ ಸಂಜೆಯೇ ಊರಿಗೆ ಫೋನು ಮಾಡಿ, ಕೋಟು ನಾನೇ ಹೊಲಿದುಕೊಡುತ್ತೇನೆ ಎಂದು ಹೇಳಿಬಿಟ್ಟೆ.

“ಚಳಿ ಅಂದ್ರೆ ಒಂದು ಕಂಬ್ಳಿ ಹೊದ್ಕೊಂಡ್ರೆ ಆಯ್ತಪ್ಪ” ಎಂದರು ಅಮ್ಮ. ಅಪ್ಪ ಮಾತ್ರ, “ಹುಡ್ಗಿ ಹೊಲೀತೀನಿ ಅಂತೈತೆ, ಹೊಲೀಲಿ ಬಿಡೇ” ಎಂದದ್ದು ಕೇಳಿಸಿತು.

ಅಳತೆಯೂ ಫೋನಿನಲ್ಲೇ ಆಯಿತು. ಅಮ್ಮ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಟೇಪು ಹಿಡಿದು ಎದೆ ನಲವತ್ತೆರಡು ಎಂದರು. ನನಗೆ ಅನುಮಾನ ಬಂತು. ಅಪ್ಪ ಸಣಕಲು ಮನುಷ್ಯ. ಇನ್ನೊಂದು ಸಲ ಹಿಡಿದು ನೋಡಲು ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಅಮ್ಮನ ಪಿಸುಮಾತು ಬಂತು: “ಟೇಪು ಕಂಡೇಟ್ಗೆ ನಿಮ್ಮಪ್ಪ ಅಟೆನ್ಷನ್‌ನಾಗೆ ನಿಂತ್ಬುಟ್ಟವ್ರೆ ಕಣೆ. ಉಸ್ರು ಬಿಡ್ರಿ ಅಂದ್ರೂ ಬಿಡಂಗಿಲ್ಲ.” ಮೂವತ್ತು ವರ್ಷ ಮಕ್ಕಳಿಗೆ ‘ಎದೆ ಮುಂದೆ’ ಎಂದು ಕೂಗಿದವರಿಂದ ಬೇರೆ ಏನು ನಿರೀಕ್ಷಿಸುವುದು? ನಲವತ್ತೆರಡೇ ಬರೆದುಕೊಂಡೆ.

ಇನ್ನು ಪತ್ರಿಕೆಯ ನಕ್ಷೆ. ಪುಟಗಳ ನಡುವೆ ಮಡಚಿಟ್ಟಿದ್ದ ಆ ಹಾಳೆಯನ್ನು ಬಿಚ್ಚಿದರೆ ನಮ್ಮ ನಡುಮನೆ ಸಾಲಲಿಲ್ಲ. ಕೋಟು, ಲಂಗ, ಮಗುವಿನ ಫ್ರಾಕು, ಎಲ್ಲದರ ಗೆರೆಗಳೂ ಎಲ್ಲ ಅಳತೆಗಳಲ್ಲೂ ಒಂದರ ಮೇಲೊಂದು ಹರಿದಾಡುತ್ತಿದ್ದವು. ಕೆಂಪು, ನೀಲಿ, ಚುಕ್ಕಿ, ಅಡ್ಡಗೀಟು. ನಮಗೆ ಬೇಕಾದ ಗೆರೆ ಹಿಡಿದು ಬೇರೆ ಕಾಗದಕ್ಕೆ ಇಳಿಸಿಕೊಳ್ಳಬೇಕು. ಮಕ್ಕಳಿಗೆ ಭೂಪಟ ಓದಲು ಕಲಿಸುವ ನನಗೆ ಇದು ಯಾವ ಲೆಕ್ಕ ಎಂದುಕೊಂಡು, ತೆಲುಗು ಪೇಪರುಗಳನ್ನು ಅಂಟಿಸಿ, ಎರಡು ಭಾನುವಾರ ನೆಲದ ಮೇಲೆ ಬೋರಲು ಬಿದ್ದು ಗೆರೆ ಎಳೆದೆ. ಕತ್ತರಿಸಿ ಎತ್ತಿ ಹಿಡಿದಾಗ ಕೋಟಿನ ಬೆನ್ನು ಸೊಂಟದವರೆಗೆ ಕೋಟಾಗಿಯೇ ಇತ್ತು. ಅಲ್ಲಿಂದ ಕೆಳಗೆ ಮಗುವಿನ ಫ್ರಾಕಾಗಿ ಅರಳಿತ್ತು. ನನ್ನ ಗಂಡ ಕಾಫಿ ಲೋಟ ಹಿಡಿದು ಸುತ್ತ ಬಂದು ನೋಡಿದರು. “ಕಲ್ಯಾಣದುರ್ಗದ ಬಸ್ಸು ಹತ್ತಿ ಪೆನುಕೊಂಡದಾಗೆ ಇಳ್ದಿದ್ದೀಯ ಕಣೆ” ಎಂದರು. ಇನ್ನೊಮ್ಮೆ ಎಳೆದೆ. ಅದನ್ನೂ ಕತ್ತರಿಸಿ ಮುಗಿಸಿದ ಮೇಲೆ, ಹಾಳೆಯ ಮೂಲೆಯಲ್ಲಿದ್ದ ಇರುವೆಯಂಥ ಅಕ್ಷರಗಳನ್ನು ಅವರು ನಿಧಾನವಾಗಿ ಓದಿ ಹೇಳಿದರು: ಹೊಲಿಗೆಗೆ ಬೇಕಾದ ಮಾರ್ಜಿನ್ನು ಈ ಗೆರೆಗಳಲ್ಲಿ ಸೇರಿಲ್ಲ, ನೀವೇ ಬಿಟ್ಟುಕೊಳ್ಳಿ. ಅವರು ಅದನ್ನು ಮೊದಲೇ ಓದಿದ್ದರೋ ಏನೋ ಎಂಬ ಸಂಶಯ ನನಗೆ ಇವತ್ತಿಗೂ ಇದೆ.

ಅಷ್ಟರಲ್ಲಿ ಬಟ್ಟೆ ತಂದಿದ್ದೆ. ಒಳ್ಳೆಯ ಉಣ್ಣೆ, ಕಡುನೀಲಿ. ಉಣ್ಣೆಯನ್ನು ಕತ್ತರಿಸುವ ಮೊದಲು ನೀರಿಗೆ ಹಾಕಿ ಒಣಗಿಸಬೇಕು ಎಂದಿತ್ತು ಪತ್ರಿಕೆ. ಮಾಳಿಗೆಯ ಮೇಲೆ ಹರವಿದೆ. ಪಕ್ಕದ ಮನೆಯ ಅಕ್ಕ ಗೋಡೆಯಾಚೆಯಿಂದ ಮೂಗು ಮುಚ್ಚಿಕೊಂಡು, “ಕುರಿ ಕಟ್ಕೊಂಡ್ರಾ ಟೀಚರಮ್ಮ?” ಎಂದು ವಿಚಾರಿಸಿದರು. ಬಟ್ಟೆ ಒಣಗಿತು. ಆದರೆ ಕತ್ತರಿ ಹಿಡಿಯಲು ಧೈರ್ಯ ಬರಲಿಲ್ಲ. ಪುಣ್ಯಕ್ಕೆ ಪತ್ರಿಕೆಯೇ ದಾರಿ ತೋರಿಸಿತು: ಮೊದಲು ಹಳೆಯ ಬಟ್ಟೆಯಲ್ಲಿ ಒಂದು ಟ್ರಯಲ್ ಹೊಲಿದು ನೋಡಿ. ಹಳೆಯ ದುಪ್ಪಟಿಯೊಂದು ಸಿಕ್ಕಿತು. ಅದರ ತುಂಬ ಊಟದ ತಟ್ಟೆಯಷ್ಟಗಲದ ಸೂರ್ಯಕಾಂತಿ ಹೂಗಳು. ಟ್ರಯಲ್ಲಿಗೆ ಏನಾದರೇನು ಎಂದು, ಸುತ್ತ ಮಾರ್ಜಿನ್ನು ಬಿಟ್ಟು ಕತ್ತರಿಸಿ ಹೊಲಿದೆ. ಒಂದು ಇಡೀ ಹೂವು ಬೆನ್ನ ನಡುವೆ ಬಂದು ಕೂತಿತು.

ಶಾಲೆಗೆ ರಜೆ ಬಂದೊಡನೆ ಆ ಟ್ರಯಲ್ಲನ್ನೂ ನೀಲಿ ಬಟ್ಟೆಯನ್ನೂ ಹೊತ್ತು ಕಲ್ಯಾಣದುರ್ಗಕ್ಕೆ ಹೋದೆ. ಅಪ್ಪ ನೀಲಿ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದರು. “ಭಾಳ ಒಳ್ಳೆ ಬಟ್ಟೆ ಕಣಮ್ಮ” ಎಂದರು. ದುಪ್ಪಟಿ ಕೋಟನ್ನೂ ತೊಡಿಸಿ ನೋಡಿದೆ. ಉಸಿರು ಬಿಟ್ಟ ಅಪ್ಪನ ಎದೆಗೂ ಕೋಟಿಗೂ ನಡುವೆ ಇನ್ನೊಬ್ಬ ಅಪ್ಪ ಹಿಡಿಸುವಷ್ಟು ಜಾಗವಿತ್ತು. ಪಿನ್ನು ತರಲು ಒಳಗೆ ಹೋಗಿ, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. “ಟೀ ಅಂಗ್ಡಿತಾವ ತೋರ್ಸ್ಕಂಡು ಬತ್ತೀನಿ ಅಂತ ಹೋದ್ರು” ಎಂದರು ಅಮ್ಮ.

ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆ. ನೆತ್ತಿ ಸುಡುವ ಬಿಸಿಲು. ಬಸ್‌ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಯ ಮುಂದೆ ಅಪ್ಪ ಸೂರ್ಯಕಾಂತಿಗಳ ನಡುವೆ ಬೆವರುತ್ತಾ ನೆಟ್ಟಗೆ ನಿಂತಿದ್ದರು. ಕೊರಳಪಟ್ಟಿಯಲ್ಲಿ ಕಚ್ಚಾ ಹೊಲಿಗೆಯ ಬಿಳಿ ದಾರ ಇನ್ನೂ ನೇತಾಡುತ್ತಿತ್ತು. ಟೀ ಅಂಗಡಿಯವರು ತೋಳು ಮುಟ್ಟಿ ನೋಡಿ, “ಎವರು ಕುಟ್ಟಾರು ಸಾರ್?” ಎಂದು ತೆಲುಗಿನಲ್ಲಿ, ಹೊಲಿದವರು ಯಾರೆಂದು ಕೇಳಿದರು. “ಮಾ ಅಮ್ಮಾಯಿ”, ನಮ್ಮ ಹುಡುಗಿ, ಎಂದರು ಅಪ್ಪ. ಆ ದನಿ ಕೇಳಿದ ಮೇಲೆ ಅಷ್ಟು ಜನರ ಮುಂದೆ ಇದು ಬರೀ ಟ್ರಯಲ್ಲು ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಮನೆಯ ದಾರಿಯಲ್ಲಿ ಮೆಲ್ಲಗೆ ಹೇಳಿದೆ.

“ಇರ್ಲಿ ಬಿಡಮ್ಮ. ನಂಗೆ ಇದೇ ಚೆನ್ನಾಗೈತೆ. ನಾಕು ಗುಂಡಿ ಹಾಕ್ಕೊಡು ಸಾಕು.”

“ದುಪ್ಪಟಿ ಅಪ್ಪ ಅದು. ಬದರೀಲಿ ಹಿಮ ಬೀಳತ್ತೆ.”

“ಬೀಳ್ಲಿ. ನಾನು ಇದನ್ನೇ ಹಾಕ್ಕೊಂಡು ಹೋಯ್ತೀನಿ.”

ಎಷ್ಟು ಹೇಳಿದರೂ ಜಗ್ಗಲಿಲ್ಲ. ಕೊನೆಗೆ ಅಮ್ಮನ ಹಳೆಯ ಶಾಲೊಂದನ್ನು ಒಳಗೆ ಹಚ್ಚಿ, ಗುಂಡಿ ಹಾಕಿ ಕೊಟ್ಟೆ. ರೈಲು ಹೋದ ಮೇಲೆ ಹದಿನೈದು ದಿನ ನನಗೆ ಅನ್ನ ರುಚಿಸಲಿಲ್ಲ. ಅಪ್ಪನಿಗೆ ನೆಗಡಿಯಾದರೆ ನನ್ನ ತಲೆಗೇ ಬರುವುದು. ಆದರೆ ಅಪ್ಪ ಒಂದು ಸೀನೂ ಸೀನದೆ ಮರಳಿದರು. ಕೋಟಿನೊಳಗೆ ಮಿಕ್ಕಿದ್ದ ಜಾಗದಲ್ಲಿ ಎರಡು ಸ್ವೆಟರು ಹಾಕಿಕೊಂಡಿದ್ದರಂತೆ. ಗುಂಪಿನ ಫೋಟೋದಲ್ಲಿ ಕಪ್ಪು, ಕಂದು ಕೋಟುಗಳ ನಡುವೆ ಅವರೊಬ್ಬರೇ ಹೂ ಬಿಟ್ಟಿದ್ದರು. ನನಗೆ ಕಣ್ಣು ಒದ್ದೆಯಾಯಿತು. ಮಗಳು ಹೊಲಿದದ್ದು ಎಂಬ ಒಂದೇ ಅಭಿಮಾನಕ್ಕೆ ಆ ವಯಸ್ಸಿನಲ್ಲಿ ದುಪ್ಪಟಿ ತೊಟ್ಟು ಹಿಮಾಲಯ ಹತ್ತಿದರಲ್ಲ ಎಂದು ಅಮ್ಮನ ಹತ್ತಿರ ಹೇಳಿಕೊಂಡೆ.

ಅಮ್ಮ ಕಡಲೆಕಾಯಿ ಸುಲಿಯುತ್ತಿದ್ದರು. “ಅಭಿಮಾನ ಐತೆ, ಇಲ್ಲ ಅನ್ನಲ್ಲ” ಎಂದರು. “ಆದ್ರೆ ಆ ನೀಲಿ ಬಟ್ಟೆ ನೋಡಿದ್ರಲ್ಲ, ಅವತ್ತು ರಾತ್ರಿ ನಂಗೆ ಹೇಳಿದ್ರು: ನಾನು ಈ ದುಪ್ಪಟಿ ಕೋಟು ಬ್ಯಾಡ ಅಂದ್ರೆ ಅವ್ಳು ಹೋಗಿ ಅದಕ್ಕೆ ಕತ್ರಿ ಹಾಕ್ತಾಳೆ, ಅಂಥ ಬಟ್ಟೆ ಹಾಳಾಗ್ಬುಡ್ತೈತೆ, ಇದೇ ಆಗ್ಲಿ ಬಿಡು ಅಂತ.”

ಬದರಿಯಲ್ಲಿ ದೇವರ ಮುಂದೆ ಅಪ್ಪ ಏನು ಬೇಡಿಕೊಂಡರು ಎಂದು ಅಮ್ಮನನ್ನು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅಮ್ಮ ಅದನ್ನೂ ಹೇಳಿಬಿಟ್ಟರೆ ಕಷ್ಟ.